ದೊರೆ ಪೆಟ್ಟಿಗೆಯ ಮೇಲಿನ ದೇವರು

ಈಗಲೂ ಎದುರಿಗಿದ್ದವರು ಸೀನುವ ಮೊದಲು ಮುಖ ಮೇಲಕ್ಕೆತ್ತಿ ಕಣ್ಣು ಅರೆಮುಚ್ಚಿದರೆ ಸಾಕು, ನಾನು ಕಿವಿ ಮುಚ್ಚಿಕೊಂಡು ಬಗ್ಗಿಬಿಡುತ್ತೇನೆ. ಮೊಮ್ಮಕ್ಕಳು ನಗುತ್ತಾರೆ. ನಗಲಿ. ಶಿಡ್ಲಘಟ್ಟದ ಆ ಜಗಲಿಯ ಹತ್ತಿರ ಅವರು ಇರಲಿಲ್ಲ.

ಪಾಕಿಸ್ತಾನದ ಜೊತೆಗಿನ ಯುದ್ಧ ಮುಗಿದ ಮರುವರ್ಷ. ನಾನು ಬೆಂಗಳೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಅದೇ ವಿಭಾಗದಲ್ಲಿ ಹಳೆಯ ಕಾಗದಪತ್ರ ಕೂಡಿಸುವ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದೆ. ವಿಶ್ವವಿದ್ಯಾಲಯ ದಾಖಲೆಗಳಿಗೆಂದು ಒಂದು ಕೋಣೆ ಕೊಟ್ಟಿತ್ತು. ಕೋಣೆಯಲ್ಲಿಡಲು ದಾಖಲೆಗಳೇ ಇರಲಿಲ್ಲ. ಬೇಗ ಏನಾದರೂ ತಂದಿಡದಿದ್ದರೆ ಕೋಣೆ ಸೈಕಲ್ ಸ್ಟ್ಯಾಂಡ್ ಆಗುತ್ತದೆ, ನನ್ನ ಕೆಲಸವೂ ಹೋಗುತ್ತದೆ ಎಂದು ಮೇಲಿನಿಂದ ಮಾತು ಬಂದಿತ್ತು.

ಆಗ ನಮ್ಮ ಪ್ರೊಫೆಸರಿಗೆ ಒಂದು ಪೆಟ್ಟಿಗೆಯ ಸುದ್ದಿ ಸಿಕ್ಕಿತು. ಮಹಾಯುದ್ಧದ ಕಾಲದಲ್ಲಿ ಜರ್ಮನಿಯಿಂದ ಜೀವ ಉಳಿಸಿಕೊಂಡು ಬಂದ ಯಹೂದಿಯೊಬ್ಬರು ನಮ್ಮ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಅಲ್ಲಿ ಯಹೂದಿ ಎಂದು ಓಡಿಸಿದರು. ಇಲ್ಲಿನ ಬ್ರಿಟಿಷ್ ಸರ್ಕಾರ ಜರ್ಮನಿಯವನು ಎಂದು ಅನುಮಾನಪಟ್ಟು, ಬೆಂಗಳೂರು ಬಿಟ್ಟು ಹೊರಗಿರು ಎಂದಿತು. ಅವರು ಶಿಡ್ಲಘಟ್ಟದಲ್ಲಿ ರೇಷ್ಮೆ ಹುಳು ಸಾಕುವವರ ಮನೆಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದರು; ಆ ಮನೆಯವರಿಗೆ ಅವರು 'ದೊರೆ'. ಬೆಂಗಳೂರಿನ ಬೆರಳೆಣಿಕೆಯ ಯಹೂದಿ ಕುಟುಂಬಗಳ ಫೋಟೋ, ಮದುವೆಯ ಪತ್ರಗಳು, ಕಾಲೇಜಿನ ಪಾಠದ ಟಿಪ್ಪಣಿ ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ತುಂಬಿ ಅಲ್ಲೇ ಬಿಟ್ಟು, ಯುದ್ಧ ಮುಗಿದ ಮೇಲೆ ದೇಶ ಬಿಟ್ಟು ಹೋದರಂತೆ.

ಒಂದು ಶುಕ್ರವಾರ ಪ್ರೊಫೆಸರೂ ನಾನೂ ಬಸ್ಸು ಹತ್ತಿದೆವು. ಪ್ರೊಫೆಸರು ದೊಡ್ಡ ವಿದ್ವಾಂಸರು, ಅದಕ್ಕಿಂತ ದೊಡ್ಡ ನಸ್ಯದ ಚಟದವರು. ನಂದಿ ದಾಟುವಷ್ಟರಲ್ಲೇ ಮುಂದಿನ ಸೀಟಿನವರು ಎದ್ದು ಹಿಂದೆ ಹೋಗಿ ಕೂತಿದ್ದರು.

ಮನೆಯ ಯಜಮಾನಿ ಬಾಗಿಲಲ್ಲೇ ಕೈ ಅಡ್ಡ ಇಟ್ಟರು.

"ನಿಂತ್ಕಳಿ ಸಾಮಿ! ಹುಳ ನಾಕನೇ ಜ್ವರದಿಂದ ಎದ್ದವೆ, ಪೊರೆ ಬಿಟ್ಟು ಈಗಷ್ಟೇ ಮೇಯ್ತಾ ಅವೆ. ನಸ್ಯದ ಗಾಳಿ ಸೋಕಿದ್ರೆ ತಟ್ಟೆತಟ್ಟೆನೇ ಸತ್ತೋಗ್ತವೆ. ನೀವು ಜಗಲಿ ಮೇಲೇ ಕೂತ್ಕಳಿ."

"ನಾನು ಇವತ್ತು ಹಾಕಿಯೇ ಇಲ್ಲಮ್ಮ," ಎಂದರು ಪ್ರೊಫೆಸರು, ಕಂದು ಮೂಗನ್ನು ಒರೆಸಿಕೊಳ್ಳುತ್ತ.

"ನಿಮ್ಮ ಮೀಸೆ ಬೇರೆ ಹೇಳ್ತಾ ಐತೆ."

ನನ್ನ ತಲೆಯ ಮಲ್ಲಿಗೆ ತೆಗೆಸಿದರು, ಮುಖದ ಪೌಡರ್ ತೊಳೆಸಿದರು, ಕಾಲಿಗೆ ಎರಡು ಸಲ ನೀರು ಹಾಕಿಸಿದರು. "ಈಗ ಬಾ ಅಮ್ಮಯ್ಯ. ಮೆತ್ತಗೆ ಮಾತಾಡು. ಸದ್ದಾದ್ರೆ ಹುಳ ಬೆಚ್ಚತವೆ."

ಹುಳುಗಳ ಕೋಣೆಯಲ್ಲಿ ಮಳೆ ಬಂದ ಹಾಗೆ ಸದ್ದು. ಸಾವಿರಾರು ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದವು. ಮೂಲೆಯಲ್ಲಿ ಪೆಟ್ಟಿಗೆ ಇತ್ತು. ಅದರ ಮೇಲೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಹೂ ಮುಡಿದು, ಒಂದು ಕಬ್ಬಿಣದ ದೇವರು ಕೂತಿತ್ತು. ಬುಡ ದುಂಡಗೆ, ತಲೆ ಚೂಪು. ಎರಡು ಕಡೆ ಎರಡು ದೀಪ.

ಪಾಕಿಸ್ತಾನದ ಯುದ್ಧದ ವರ್ಷ ಕಾಲೇಜಿನಲ್ಲಿ ನಮಗೆ ನಾಗರಿಕ ರಕ್ಷಣೆಯ ತರಗತಿ ನಡೆದಿತ್ತು. 'ಇದನ್ನು ಕಂಡರೆ ಮುಟ್ಟಬೇಡಿ' ಎಂಬ ಚಿತ್ರಪಟದಲ್ಲಿ ಈ ದೇವರನ್ನು ನಾನು ನೋಡಿದ್ದೆ. ಫಿರಂಗಿ ಗುಂಡು.

"ಇದು... ಎಲ್ಲಿಂದ ಬಂತು?"

"ನಮ್ಮಣ್ಣ ಮಿಲ್ಟ್ರೀಲಿದ್ದ. ಎಲ್ಲೋ ಬಯಲಲ್ಲಿ ಬಿದ್ದಿತ್ತಂತೆ. ಪೆಟ್ಟಿಗೆ ಮುಚ್ಚಳ ಇಲಿ ಎತ್ತುತ್ತವೆ ಅಂತ ಭಾರಕ್ಕೆ ತಂದುಕೊಟ್ಟ."

"ಪೂಜೆ ಯಾಕೆ?"

"ದೊರೆ ಇದ್ದಾಗ ಶುಕ್ರವಾರ ಸಂಜೆ, ಅವರ ಜನಕ್ಕೆ ಅದು ವಾರದ ಹಬ್ಬವಂತೆ, ತಲೆ ಮೇಲೆ ಬಟ್ಟೆ ಹಾಕ್ಕಂಡು ಈ ಪೆಟ್ಟಿಗೆ ಮೇಲೆ ಎರಡು ದೀಪ ಹಚ್ಚೋರು. ಅವರು ಹೋದ್ಮೇಲೆ ಪೆಟ್ಟಿಗೆ ಕತ್ತಲಲ್ಲಿ ಇರಬಾರದಲ್ಲ? ನಮ್ಮತ್ತೆ ಹಚ್ಚೋಕೆ ಶುರು ಮಾಡಿದ್ರು. ದೀಪ ಹಚ್ಚಿದ್ಮೇಲೆ ಕಾಯಿ ಒಡೀದೆ ಇರಾಕಾಯ್ತದಾ?"

"ಕಾಯಿ ಎಲ್ಲಿ ಒಡೀತೀರಿ?"

ಆಕೆ ಗುಂಡಿನ ಚೂಪು ತಲೆಯನ್ನು ಪ್ರೀತಿಯಿಂದ ತಟ್ಟಿದರು. "ಇಲ್ಲೇ. ಒಂದೇ ಏಟಿಗೆ ಎರಡು ಹೋಳು. ಇವತ್ತೂ ಶುಕ್ರವಾರ ನೋಡು. ಕಾಯಿ ಒಡ್ದೇ ಪೆಟ್ಟಿಗೆ ತೆಗೆಯಾಣ." ಎಂದವರೇ ತೆಂಗಿನಕಾಯಿ ಎತ್ತಿದರು.

ನಾನು ಅವರ ಮೊಣಕೈಗೆ ಜೋತುಬಿದ್ದೆ. "ಬೇಡಮ್ಮಾ! ಅದು ಬಾಂಬು! ಸಿಡೀತದೆ!"

"ಮೆತ್ತಗೆ, ಮೆತ್ತಗೆ! ಹುಳ!"

"ಕಾಯಿ ಒಡೆದರೆ ಸದ್ದಾಗಲ್ವಾ?"

"ದೇವರ ಸದ್ದು ಬೇರೆ ಕಣಮ್ಮ. ಇಷ್ಟು ವರ್ಷ ಸಿಡೀದೇ ಇರೋದು ನೀನು ಬಂದೆ ಅಂತ ಸಿಡೀತದಾ?"

ಬಾಂಬು ಎಂಬ ಮಾತು ಕಿಟಕಿಯಾಚೆ ಪ್ರೊಫೆಸರಿಗೆ ಕೇಳಿಸಿತು. "ಏನಮ್ಮಾ, ಏನು? ದಾಖಲೆ ಹುಷಾರು! ಮೊದಲು ದಾಖಲೆ ಹೊರಗೆ ಕಳಿಸು!" ಎಂದು ಕೂಗಿದರು. ನಾನು ಹೊರಗೆ ಬರುವ ವಿಷಯ ಅವರಿಗೆ ಹೊಳೆಯಲಿಲ್ಲ.

ಆಕೆ ಕೈ ಕೊಡವಿಕೊಂಡು ಕಾಯಿಯನ್ನು ಇನ್ನೂ ಮೇಲಕ್ಕೆ ಎತ್ತಿದರು. ನನ್ನ ಎಂ.ಎ., ನನ್ನ ಕೋಣೆ, ಇನ್ನೂ ಆಗದ ನನ್ನ ಮದುವೆ ಎಲ್ಲ ಕಣ್ಣ ಮುಂದೆ ಹಾದುಹೋದವು. ಆಗ ಬಾಯಿಗೆ ಬಂದದ್ದು ಒಂದೇ ಮಾತು:

"ನೀವು ಕಾಯಿ ಒಡೆದರೆ ನಮ್ಮ ಪ್ರೊಫೆಸರು ಗಾಬರಿಯಾಗಿ ಒಳಗೆ ನುಗ್ತಾರೆ! ನಸ್ಯದ ಸಮೇತ!"

ಕಾಯಿ ಗಾಳಿಯಲ್ಲೇ ನಿಂತಿತು. ಆಕೆ ಹುಳುಗಳನ್ನು ನೋಡಿದರು, ಕಿಟಕಿಯಾಚೆಯ ಕಂದು ಮೀಸೆಯನ್ನು ನೋಡಿದರು. ಬಾಂಬಿಗೆ ಹೆದರದವರು ಮೆಲ್ಲಗೆ ಕಾಯಿ ಕೆಳಗಿಟ್ಟರು.

"ದೇವುಡಾ! ಹಂಗಾದ್ರೆ ದೇವರನ್ನೇ ಹೊರಗೆ ತಗಂಡೋಗಿ ಒಡೆಯಾಣ."

ನಾನು ತಡೆಯುವ ಮೊದಲೇ ಗುಂಡನ್ನು ಮಗುವಿನಂತೆ ಸೊಂಟದ ಮೇಲೆ ಕೂರಿಸಿಕೊಂಡು ಹೊರಟರು. ಜಗಲಿಗೆ ಬಂದು, "ಒಂದು ಗಳಿಗೆ ಹಿಡ್ಕಳಿ ಸಾಮಿ, ಕಾಯಿ ತತ್ತೀನಿ," ಎಂದು ಅದನ್ನು ಪ್ರೊಫೆಸರ ತೊಡೆಯ ಮೇಲಿಟ್ಟರು.

ಗಾಬರಿಯಲ್ಲಿ ಪ್ರೊಫೆಸರು ಅದಾಗಲೇ ದೊಡ್ಡದೊಂದು ಚಿಟಿಕೆ ಏರಿಸಿದ್ದರು. ತೊಡೆಯ ಮೇಲೆ ಕೂತಿದ್ದು ಏನೆಂದು ಅವರಿಗೆ ಗೊತ್ತಾಯಿತು. ಅದೇ ಗಳಿಗೆಯಲ್ಲಿ ಮುಖ ಮೇಲೆದ್ದಿತು. ಕಣ್ಣು ಅರೆಮುಚ್ಚಿತು. ಮೂಗಿನ ಹೊಳ್ಳೆಗಳು ಅಗಲವಾದವು.

"ತಡ್ಕೊಳ್ಳಿ ಸಾರ್!"

"ಆ... ಆ..."

"ಸಾರ್, ದಯವಿಟ್ಟು!"

"ಆ..."

ಆ ಮೂರನೆಯ 'ಆ' ನನ್ನ ಮಟ್ಟಿಗೆ ಇನ್ನೂ ಮುಗಿದಿಲ್ಲ. ಅವರು ಸೀನಿದರು. ದೇವರು ತೊಡೆಯಿಂದ ಎಗರಿ, ಮೆಟ್ಟಿಲು ಒಂದೊಂದಾಗಿ ಇಳಿದು, ಆಗತಾನೇ ತೋಟದಿಂದ ತಂದು ಸುರಿದಿದ್ದ ಹಿಪ್ಪುನೇರಳೆ ಸೊಪ್ಪಿನ ರಾಶಿಯಲ್ಲಿ ಹೂತುಹೋಯಿತು. ನಾನು ನೆಲಕ್ಕೆ ಬಿದ್ದಿದ್ದೆ. ಪ್ರೊಫೆಸರು ಅದೇ ಭಂಗಿಯಲ್ಲಿ ಕೂತಿದ್ದರು, ತೊಡೆ ಮಾತ್ರ ಖಾಲಿ.

"ಸೊಪ್ಪೆಲ್ಲ ಹಾಳಾಯ್ತು," ಎಂದರು ಯಜಮಾನಿ. "ಮ್ಯಾಲೆ ಸೀನಿದಾರೆ ಬೇರೆ."

ಪೊಲೀಸರು ಬಂದರು. ಮರುದಿನ ಬೆಂಗಳೂರಿನಿಂದ ಮಿಲಿಟರಿ ಜೀಪು ಬಂತು. ಅವರು ಗುಂಡನ್ನು ಒಣಗಿದ ಕೆರೆಯಂಗಳಕ್ಕೆ ಒಯ್ದು ಸಿಡಿಸಿದರು. ಸದ್ದು ಚಿಂತಾಮಣಿಗೂ ಕೇಳಿಸಿತೆಂದು ಬಸ್ಸಿನವರು ಹೇಳುತ್ತಿದ್ದರು. ಯಜಮಾನಿಗೆ ಜೀವ ಉಳಿದದ್ದಕ್ಕಿಂತ, ಹುಳ ಬೆಚ್ಚಿ ಒಂದು ಹೊತ್ತು ಸೊಪ್ಪು ಬಿಟ್ಟದ್ದೇ ದೊಡ್ಡದಾಯಿತು. ಆದರೂ ಪೆಟ್ಟಿಗೆ ಕೊಟ್ಟರು, ಒಂದೇ ಷರತ್ತಿನ ಮೇಲೆ: ಶುಕ್ರವಾರ ಅದನ್ನು ಕತ್ತಲಲ್ಲಿ ಬಿಡಬಾರದು.

ಕೋಣೆ ಸೈಕಲ್ ಸ್ಟ್ಯಾಂಡ್ ಆಗಲಿಲ್ಲ. ನಾನು ನಿವೃತ್ತಿಯಾಗುವವರೆಗೂ ಅಲ್ಲೇ ಕೆಲಸ ಮಾಡಿದೆ. ಒಮ್ಮೆ ದೂರದಿಂದ ಬಂದ ಸಂಶೋಧಕನೊಬ್ಬ ಭೂತಗನ್ನಡಿ ಹಿಡಿದು ಮದುವೆಯ ಪತ್ರವೊಂದರ ಅಂಚಿನ ಕಲೆಯನ್ನು ಬಹಳ ಹೊತ್ತು ನೋಡಿ, ಈ ಸಮುದಾಯದವರು ಪತ್ರದ ಮೇಲೆ ಏನನ್ನಾದರೂ ಪ್ರೋಕ್ಷಿಸುವ ಪದ್ಧತಿ ಇತ್ತೇ ಎಂದು ಕೇಳಿದ.

"ತೆಂಗಿನಕಾಯಿ ನೀರು," ಎಂದೆ. "ಶುಕ್ರವಾರದ್ದು."

ಅವನು ಅದನ್ನು ಶ್ರದ್ಧೆಯಿಂದ ಬರೆದುಕೊಂಡ. ಅಂದು ಶುಕ್ರವಾರವೇ ಆಗಿದ್ದರಿಂದ, ಹೊರಡುವ ಮೊದಲು ನಾನು ಪೆಟ್ಟಿಗೆಯ ಮೇಲಿನ ದೀಪದ ಸ್ವಿಚ್ಚು ಹಾಕಿದೆ. ಅಷ್ಟರಲ್ಲಿ ಅವನ ಮುಖ ಮೇಲೆದ್ದಿತು, ಕಣ್ಣು ಅರೆಮುಚ್ಚಿತು. ನಾನು ಮೇಜಿನ ಕೆಳಗಿದ್ದೆ.