ಮುಂದಿನ ಸೀಟಿಗೆ ಇಟ್ಟ ಪ್ರಸ್ಥಾನ

ಪಶ್ಚಿಮ ಘಟ್ಟವನ್ನು ನಾನು ಎಷ್ಟು ಸಲ ಹತ್ತಿ ಇಳಿದಿದ್ದೇನೋ ಲೆಕ್ಕವಿಲ್ಲ. ಆದರೆ ಅಲ್ಲಿ ಕಣ್ತುಂಬ ನೋಡಿದ್ದು ಒಂದನ್ನೇ, ನಮ್ಮ ಯಜಮಾನರ ತಲೆಯ ಹಿಂಭಾಗ. ಮದುವೆಯಾದ ಹೊಸದರಲ್ಲಿ ಆ ತಲೆಯ ತುಂಬ ಕಪ್ಪು ಕೂದಲಿತ್ತು, ಆಮೇಲೆ ನರೆಯಿತು, ಈಗ ನಡುವೆ ಬಯಲಾಗಿದೆ. ಕಾರುಗಳು ಬದಲಾದವು, ಓಡಿಸುವವರೂ ಬದಲಾದರು. ಮುಂದಿನ ಸೀಟಿನಲ್ಲಿ ಅವರು, ಹಿಂದಿನ ಸೀಟಿನ ನಟ್ಟನಡುವೆ ನಾನು ಎನ್ನುವುದು ಮಾತ್ರ ಬದಲಾಗಲಿಲ್ಲ. ನನ್ನ ತೊಡೆಯ ಮೇಲೆ ತಿಂಡಿಯ ಚೀಲ, ಕೈಯಲ್ಲಿ ವಾಂತಿಗೆಂದು ಪ್ಲಾಸ್ಟಿಕ್ ಕವರು, ಭುಜದ ಮೇಲೆ ನಿದ್ದೆ ಹೋದ ಯಾವುದೋ ಮಗುವಿನ ತಲೆ. ಮುಂದಿನಿಂದ "ಆಹಾ, ಏನ್ ಜಲಪಾತ ನೋಡ್ರೋ" ಎಂದು ಕೇಳಿಸಿ ನಾನು ಬಗ್ಗಿ ನೋಡುವಷ್ಟರಲ್ಲಿ ತಿರುವು ಮುಗಿದಿರುತ್ತಿತ್ತು.

ಆದ್ದರಿಂದ ಕಳೆದ ವರ್ಷ ದಸರಾ ರಜೆಗೆ ಚಿಕ್ಕಮಗಳೂರು, ಬಾಳೆಹೊನ್ನೂರು, ಶೃಂಗೇರಿ, ಕುದುರೆಮುಖ ಎಲ್ಲ ಸುತ್ತಿ ಬರೋಣ ಎಂದು ಮಗ ಬಾಯಿ ತೆಗೆದ ಕ್ಷಣವೇ ನಾನು ತೀರ್ಮಾನಿಸಿಬಿಟ್ಟೆ. ಈ ಸಲ ಮುಂದಿನ ಸೀಟು ನನ್ನದು. ಯಾರಿಗೂ ಹೇಳಲಿಲ್ಲ. ಹೇಳಿದರೆ ಅದು ಮನೆಮಂದಿಯೆಲ್ಲ ಸೇರಿ ಚರ್ಚಿಸುವ ವಿಷಯವಾಗುತ್ತದೆ, ಚರ್ಚೆಯಾದರೆ "ಅಪ್ಪಂಗೆ ಕಾಲು ಚಾಚಕ್ಕೆ ಜಾಗ ಬೇಕಲ್ಲಮ್ಮ" ಎಂಬಲ್ಲಿಗೆ ಮುಗಿಯುತ್ತದೆ. ನನಗೂ ಎರಡು ಕಾಲುಗಳಿವೆ ಎಂಬುದು ನಮ್ಮ ಮನೆಯಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಕತ್ರಿಗುಪ್ಪೆಯ ನಮ್ಮ ಮನೆಯ ಊಟದ ಮೇಜಿನ ಸುತ್ತ ವಾರವಿಡೀ ಯೋಜನೆ ನಡೆಯಿತು. ಮಗ ಫೋನಿನಲ್ಲಿ ಮ್ಯಾಪ್ ಹಿಗ್ಗಿಸಿ ಕುಗ್ಗಿಸಿ ತೋರಿಸಿದ. ಸೊಸೆ ತೋಟದ ನಡುವಿನ ಹೋಂಸ್ಟೇ ಹುಡುಕಿದಳು. ಮೊಮ್ಮಗಳು ವೈಫೈ ಇದೆಯೇ ಎಂದು ವಿಚಾರಿಸಿಕೊಂಡಳು. ನನ್ನ ಅಭಿಪ್ರಾಯವನ್ನೂ ಕೇಳಿದರು, ಇಲ್ಲವೆನ್ನಲಾರೆ. ಪುಳಿಯೋಗರೆ ಗೊಜ್ಜು ಸಾಕಾಗುತ್ತದೋ, ಇನ್ನೊಂದು ಡಬ್ಬಿ ಬೇಕೋ ಎಂದು.

ಎಲ್ಲ ಗೊತ್ತಾಗಿ, ಶುಕ್ರವಾರ ಬೆಳಿಗ್ಗೆ ಹೊರಡುವುದೆಂದು ಆದಮೇಲೆ ಯಜಮಾನರು ಕನ್ನಡಕ ಏರಿಸಿದರು. ನಿವೃತ್ತರಾದ ಮೇಲೆ ಅವರು ಪಂಚಾಂಗವನ್ನೇ ಒಂದು ಉದ್ಯೋಗ ಮಾಡಿಕೊಂಡಿದ್ದಾರೆ.

"ಶುಕ್ರವಾರ ಪಶ್ಚಿಮಕ್ಕೆ ಹೊರಡೋ ಹಾಗಿಲ್ಲ. ಆ ದಿಕ್ಕಿಗೆ ಅವತ್ತು ಶೂಲೆ ಇದೆ, ಪ್ರಯಾಣಕ್ಕೆ ಆಗಿಬರಲ್ಲ."

"ಅಪ್ಪಾ, ಲೀವ್ ಅಪ್ರೂವ್ ಆಗಿದೆ. ರೂಮ್ ಬುಕ್ ಆಗಿದೆ," ಎಂದ ಮಗ.

ಸೊಸೆ ಮ್ಯಾಪ್ ನೋಡಿ, "ಮಾವ, ಚಿಕ್ಕಮಗಳೂರು ವಾಯುವ್ಯಕ್ಕೆ ಬರುತ್ತೆ, ನೆಟ್ಟಗೆ ಪಶ್ಚಿಮ ಅಲ್ಲ," ಎಂದಳು.

"ವಾಯುವ್ಯದಲ್ಲಿ ಅರ್ಧ ಪಶ್ಚಿಮಾನೇ ಇರೋದಮ್ಮ."

ಮೇಜಿನ ಸುತ್ತ ಮುಖಗಳು ಬಾಡಿದವು. ನನಗೆ ಮಾತ್ರ ಒಳಗೊಳಗೇ ದೀಪ ಹಚ್ಚಿದ ಹಾಗಾಯಿತು. ತೊಗರಿಬೇಳೆ ಆರಿಸುತ್ತಲೇ, "ಗುರುವಾರಾನೇ ಪ್ರಸ್ಥಾನ ಇಟ್ಬಿಟ್ರೆ ಆಯ್ತಲ್ಲ," ಎಂದೆ.

ಪ್ರಸ್ಥಾನ ಇಡುವುದು ನಮ್ಮ ಹಿರಿಯರು ಕಂಡುಕೊಂಡ ಉಪಾಯ. ಹೊರಡುವ ದಿನ ಸರಿಯಿಲ್ಲದಿದ್ದರೆ ಅದಕ್ಕೆ ಮುಂಚಿನ ಒಳ್ಳೆಯ ದಿನ, ಒಳ್ಳೆಯ ಹೊತ್ತಿನಲ್ಲಿ ಒಂದು ಬಟ್ಟೆ, ಹಿಡಿ ಅಕ್ಕಿ, ಅಡಿಕೆ ಗಂಟು ಕಟ್ಟಿ ಬೇರೆಯವರ ಮನೆಯಲ್ಲಿ ಇಟ್ಟುಬರುವುದು. ಆಗಲೇ ಪ್ರಯಾಣ ಹೊರಟಂತೆ. ಶೂಲೆಗೆ ಸುಳಿವೇ ಸಿಗುವುದಿಲ್ಲ.

"ಓ, ಹಿಂದಿನ ದಿನಾನೇ ವೆಬ್ ಚೆಕ್-ಇನ್ ಮಾಡೋ ಥರ ಅಲ್ವಾ ಅಜ್ಜಿ?" ಎಂದಳು ಮೊಮ್ಮಗಳು.

ಯಜಮಾನರಿಗೆ ಖುಷಿಯಾಯಿತು. ಎದ್ದು ನಿಂತು ನಿಯಮಗಳನ್ನು ಬೋಧಿಸಿದರು. ಇಟ್ಟ ಗಂಟನ್ನು ಬೇರೆ ಯಾರೂ ಮುಟ್ಟಬಾರದು. ಮನೆಗೆ ವಾಪಸು ತರಬಾರದು. ಯಾರ ಬಟ್ಟೆಯೋ ಅವರೇ, ಇಟ್ಟ ಜಾಗದಿಂದಲೇ ಹೊರಡಬೇಕು. ಇದರಲ್ಲಿ ಒಂದು ತಪ್ಪಿದರೂ ಪ್ರಯಾಣ ಕೆಟ್ಟಿತೆಂದೇ ಅರ್ಥ. ನಾನು ಅಷ್ಟು ಗಮನವಿಟ್ಟು ಅವರ ಮಾತು ಕೇಳಿದ್ದು ಇತ್ತೀಚೆಗಂತೂ ಇಲ್ಲ.

"ನಿಮ್ಮ ಪಂಚೆ ಇಡ್ಲಾ?" ಎಂದು ಕೇಳಿದೆ. ಆ ಮಟ್ಟಿಗೆ ನಾನು ನ್ಯಾಯವಾಗಿಯೇ ನಡೆದುಕೊಂಡೆ.

"ಬೆಳಿಗ್ಗೆ ನಂಗೆ ವಾಕಿಂಗ್ ಇದೆ. ನಿಂದೇ ಯಾವ್ದಾದ್ರೂ ಬಟ್ಟೆ ಇಟ್ಬಿಡು."

ನಮ್ಮ ಮನೆಗೆ ಗ್ಯಾರೇಜಿಲ್ಲ. ಕಾರು ನಿಲ್ಲುವುದು ಎದುರು ಮನೆಯವರ ಕಾಂಪೌಂಡಿನಲ್ಲಿ. ಗುರುವಾರ ಬೆಳಿಗ್ಗೆ ಅವರು ಪಾರ್ಕಿಗೆ ಹೋದೊಡನೆ ನನ್ನ ಹಸಿರು ಸೀರೆ, ಅಕ್ಕಿ, ಅಡಿಕೆ ಗಂಟು ಕಟ್ಟಿಕೊಂಡು, ಕಾರಿನ ಕೀ ಹಿಡಿದು ರಸ್ತೆ ದಾಟಿದೆ. ದೇವರಿಗೆ ಕೈಮುಗಿದು ಗಂಟನ್ನು ಮುಂದಿನ ಸೀಟಿನ ಮೇಲೆ ಇಟ್ಟೆ. ಜಾರದಿರಲಿ ಎಂದು ಸೀಟ್ ಬೆಲ್ಟನ್ನೂ ಹಾಕಿದೆ. ಎದುರು ಮನೆಯಾಕೆ ಗಿಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿ ನೋಡಿದಳು, ಅರ್ಥವಾಯಿತೆಂದು ಕಾಣುತ್ತದೆ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಸಂಜೆ ಯಜಮಾನರು, "ಎಲ್ಲಿಟ್ಟೆ?" ಎಂದರು.

"ಎದುರು ಮನೇಲಿ," ಎಂದೆ.

"ಭೇಷ್," ಎಂದರು.

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಟೋಪಿ, ಕಪ್ಪು ಕನ್ನಡಕ, ಕುತ್ತಿಗೆಗೆ ಮಫ್ಲರ್ ಎಲ್ಲ ಧರಿಸಿ ಅವರು ಮುಂದಿನ ಬಾಗಿಲು ತೆಗೆದರು. ತೆಗೆದವರು ಹಾಗೇ ನಿಂತರು.

"ಏನೇ ಇದು?"

"ಪ್ರಸ್ಥಾನ ರೀ."

"ಇಲ್ಲಿ ಯಾಕ್ ಇಟ್ಟಿದ್ಯಾ? ತೆಗಿ, ತೆಗಿ."

"ತೆಗೀಬಹುದು. ಆದ್ರೆ ಇಟ್ಟ ಜಾಗದಿಂದ್ಲೇ ಹೊರಡ್ಬೇಕು ಅಂದ್ರಲ್ಲ. ಪ್ರಯಾಣ ಕೆಟ್ರೆ ನನ್ನ ಅನ್ಬೇಡಿ, ಘಟ್ಟದ ರಸ್ತೆ ಬೇರೆ."

ಅವರು ಮಗನ ಮುಖ ನೋಡಿದರು. ಮಗನಿಗೆ ಅದೇ ಹೊತ್ತಿಗೆ ಟಯರ್ ಗಾಳಿ ಪರೀಕ್ಷಿಸುವ ಜವಾಬ್ದಾರಿ ನೆನಪಾಗಿ ಬಗ್ಗಿಬಿಟ್ಟ. ಸೊಸೆಗೆ ವಾಂತಿಯ ಭಯ, ಕಿಟಕಿ ಬೇಕು. ಮೊಮ್ಮಗಳು ಇನ್ನೊಂದು ಕಿಟಕಿಗೆ ಆಗಲೇ ಅಂಟಿಕೊಂಡಿದ್ದಳು. ಉಳಿದದ್ದು ನಟ್ಟನಡುವಿನ ಜಾಗ. ಅವರು ಟೋಪಿ ತೆಗೆದು, ತಲೆ ತಗ್ಗಿಸಿ ಒಳಗೆ ತೂರಿಕೊಂಡರು. ನಾನು ಪುಳಿಯೋಗರೆ ಚೀಲವನ್ನು ಹಿಂದಕ್ಕೆ ದಾಟಿಸಿದೆ.

ದಾರಿಯಲ್ಲಿ ತಟ್ಟೆ ಇಡ್ಲಿ ತಿಂದು ಬರುವಷ್ಟರಲ್ಲಿ ಅವರು ಮುಂದಿನ ಬಾಗಿಲಿಗೆ ಕೈಯಿಟ್ಟು ನಿಂತಿದ್ದರು. ರಾತ್ರಿ ತಂಗುವ ಊರು ಮುಟ್ಟುವ ತನಕ ಜಾಗ ಬದಲಿಸಬಾರದು ಎಂಬ ನಿಯಮವೊಂದನ್ನು ನಾನು ಅಲ್ಲೇ ಹೊಸದಾಗಿ ಹುಟ್ಟಿಸಿದೆ. ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ಮಧ್ಯಾಹ್ನ ಚಿಕ್ಕಮಗಳೂರು ದಾಟಿತು. ಮಳೆ ನಿಂತು ಬಹಳ ದಿನವಾಗಿರಲಿಲ್ಲ. ಒಂದು ತಿರುವಿನಲ್ಲಿ ಮರಗಳು ಎರಡೂ ಕಡೆಗೆ ಸರಿದು, ಗಾಜಿನ ತುಂಬ ಬೆಟ್ಟಗಳು ಎದ್ದು ನಿಂತವು, ಒಂದರ ಹಿಂದೊಂದು, ಹಸಿರು ಹೋಗಿ ನೀಲಿಯಾಗುವ ತನಕ. ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಮೊದಲು ಬಂದದ್ದು ಸಿಟ್ಟು. ಇಷ್ಟೆಲ್ಲ ಇಲ್ಲೇ ಇತ್ತು. ನಾನೂ ಇದೇ ದಾರಿಯಲ್ಲಿ, ಇದೇ ಕಾರುಗಳೊಳಗೆ ಇದ್ದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡರೆ ಅಷ್ಟು ಹೊತ್ತಿನ ನೋಟ ತಪ್ಪೀತೆಂದು ಒರೆಸಿಕೊಳ್ಳಲಿಲ್ಲ.

ಅದು ಕನ್ನಡಿಯಲ್ಲಿ ಕಂಡಿತೋ ಏನೋ, ಹಿಂದಿನಿಂದ ಯಜಮಾನರ ದನಿ ಬಂತು. ಗದರಿಕೆಯಿರಲಿಲ್ಲ, ನೊಂದುಕೊಂಡಂತಿತ್ತು.

"ಇಷ್ಟಕ್ಕೆ ಪ್ರಸ್ಥಾನ ಯಾಕೆ ಬೇಕಿತ್ತೇ? ಒಂದ್ ಮಾತು ಕೇಳಿದ್ರೆ ನಾನೇ ಬಿಟ್ಕೊಡ್ತಿರ್ಲಿಲ್ವಾ?"

ನಾನು ತಿರುಗಲಿಲ್ಲ.

"ನೀವು ಇಷ್ಟು ವರ್ಷ ಯಾರನ್ನ ಕೇಳಿ ಕೂತ್ಕೋತಿದ್ರಿ?" ಎಂದೆ.

ಮಗ ಗೇರು ಬದಲಿಸಿದ, ಮುಂದಿನ ತಿರುವು ಬಂತು.