ಕ್ಲಚ್ಚಿಲ್ಲದ ಉಮೇದುವಾರ

ಕಳೆದ ವಾರ ಸಂತೆಮರಹಳ್ಳಿ ದಾಟುತ್ತಿದ್ದಂತೆ ನನ್ನ ಕಾರಿನ ಕ್ಲಚ್ ಪೆಡಲ್ ಪಾತಾಳಕ್ಕೆ ಇಳಿಯಿತು. ಇಳಿದದ್ದು ಮೇಲೆ ಬರಲಿಲ್ಲ. ಹೇಗೋ ರಸ್ತೆ ಪಕ್ಕಕ್ಕೆ ಹಾಕಿ ಬಗ್ಗಿ ನೋಡಿದರೆ ಪೆಡಲಿನ ಕೆಳಗೆ ಮ್ಯಾಟು ಎಣ್ಣೆಯಲ್ಲಿ ನೆಂದಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೋಪ ಬರಬೇಕಾದ ಕಡೆ ನಗು ಬಂತು. ನೀವೂ ನಗಬೇಕಾದರೆ ತೆರಕಣಾಂಬಿಯ ನಮ್ಮ ಮಾವನ ವಿಷಯ ಗೊತ್ತಿರಬೇಕು.

ಮಾವ ಎಂದರೆ ನನ್ನ ತಾಯಿಯ ತಮ್ಮ. ಅರಿಸಿನ, ಬಾಳೆ ಬೆಳೆದುಕೊಂಡು ಚೆನ್ನಾಗಿದ್ದ ಮನುಷ್ಯ. ಇದ್ದದ್ದು ಒಂದೇ ಕೊರಗು: ತನ್ನನ್ನು ಯಾರೂ ‘ಡೈರೆಕ್ಟ್ರೇ’ ಎಂದು ಕರೆಯುವುದಿಲ್ಲ. ನಮ್ಮ ಕಡೆ ಯಾವುದಾದರೊಂದು ಸೊಸೈಟಿಗೆ ಡೈರೆಕ್ಟರ್ ಆಗದೆ ಸತ್ತರೆ ಶಿವಗಣಾರಾಧನೆಯ ಕಾರ್ಡಿನಲ್ಲಿ ಹೆಸರಿನ ಜೊತೆ ಹಾಕಿಸಲು ಏನೂ ಇರುವುದಿಲ್ಲ. ಅದಕ್ಕೇ ತಾಲ್ಲೂಕು ಸೊಸೈಟಿ ಚುನಾವಣೆಗೆ ನಿಲ್ಲುವುದೆಂದು ತೀರ್ಮಾನಿಸಿ, ಮೊದಲು ಕಾರಿನಲ್ಲಿ ಮಾದಪ್ಪನ ಬೆಟ್ಟಕ್ಕೆ ಹೋಗಿ ದೇವರಿಗೆ ಎಣ್ಣೆಮಜ್ಜನ ಮಾಡಿಸಿ, ಒಂದು ಬಾಟಲಿ ಪ್ರಸಾದದ ಎಣ್ಣೆ ತೆಗೆದುಕೊಂಡು ಬಂದ.

ಬಂದ ಮೇಲೆ ಪೆಡಲಿನ ಕೆಳಗೆ ಜಿಡ್ಡು ಕಾಣಿಸಿತು. ಪ್ರಸಾದದ ಎಣ್ಣೆ ಚೆಲ್ಲಿದೆ ಎಂದುಕೊಂಡ ಮಾವ ದಿನಾ ಬೆಳಗ್ಗೆ ಅದನ್ನು ಬೆರಳಲ್ಲಿ ಮುಟ್ಟಿ ನೆತ್ತಿಗೆ ಹಚ್ಚಿಕೊಳ್ಳುತ್ತಿದ್ದ. ಎಣ್ಣೆಯ ಬಾಟಲಿ ದೇವರಮನೆಯಲ್ಲಿ ತುಂಬಿಯೇ ಇದೆಯಲ್ಲ ಎಂದು ಅತ್ತೆ ಕೇಳಿದಳಂತೆ. ದೇವರ ವಿಷಯದಲ್ಲಿ ತಲೆಹರಟೆ ಮಾಡಬೇಡ ಎಂದು ಅವಳ ಬಾಯಿ ಮುಚ್ಚಿಸಿದ.

ನಾಮಪತ್ರದ ಕೊನೆಯ ದಿನ. ಮಧ್ಯಾಹ್ನ ಮೂರರೊಳಗೆ ಗುಂಡ್ಲುಪೇಟೆ ಮುಟ್ಟದಿದ್ದರೆ ಡೈರೆಕ್ಟರಿಕೆ ಮುಂದಿನ ಜನ್ಮಕ್ಕೇ. ಬಸ್‌ಸ್ಟ್ಯಾಂಡಿನ ಎದುರು ಮಾವ ಸ್ಟಿಯರಿಂಗ್ ಹಿಡಿದು ಕೂತ. ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಜನರಿಗೆ ಕೈಮುಗಿಯುವ ಕೆಲಸ ನನ್ನದು. ಕ್ಲಚ್ ತುಳಿದ. ಪೆಡಲ್ ಒಳಕ್ಕೆ ಹೋದದ್ದು ಅಲ್ಲೇ ಉಳಿಯಿತು.

ಬೆಂಬಲಿಗರೆಲ್ಲ ಕಾರಿನಡಿ ಇಣುಕಿ ಕೇಬಲ್ ಹುಡುಕಿದರು. ಆ ಕ್ಲಚ್ಚು ಎಣ್ಣೆಯ ಒತ್ತಡದಲ್ಲಿ ಕೆಲಸ ಮಾಡುವಂಥದ್ದು, ಅದಕ್ಕೆ ಕೇಬಲ್ಲೇ ಇಲ್ಲ. ಇಲ್ಲದ ಕೇಬಲ್ಲು ಎಲ್ಲಿ ತುಂಡಾಗಿದೆ ಎಂಬುದರ ಮೇಲೆ ಎರಡು ಪಕ್ಷಗಳಾದವು; ನಾನು ಎರಡಕ್ಕೂ ತಲೆಯಾಡಿಸಿದೆ. ಕೊನೆಗೆ ಗುಂಡ್ಲುಪೇಟೆಯ ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆವು. ಎಣ್ಣೆ ಸೋರಿ ಪೈಪಿನೊಳಗೆ ಗಾಳಿ ಸೇರಿದೆ, ಇಂಜಿನ್ ಆನ್ ಮಾಡಿ ನ್ಯೂಟ್ರಲ್‌ನಲ್ಲಿ ತಳ್ಳಿಸಿ, ಉರುಳುತ್ತಿದ್ದಂತೆ ಫಸ್ಟ್ ಗೇರಿಗೆ ಹಾಕಿ, ಆಮೇಲೆ ಇಲ್ಲಿಗೆ ಬರುವ ತನಕ ನಿಲ್ಲಿಸಲೇಬೇಡಿ ಎಂದ.

ತಳ್ಳುವವರು ಯಾರು? ಬೆಂಬಲಿಗರು ತಮ್ಮ ತಮ್ಮ ಇಸ್ತ್ರಿ ಅಂಗಿಗಳನ್ನು ನೋಡಿಕೊಂಡರು. ಅಷ್ಟರಲ್ಲಿ ಬಸ್ಸಿಗೆ ಕಾಯುತ್ತಿದ್ದ ಒಬ್ಬಾತ ಪಂಚೆ ಎತ್ತಿಕಟ್ಟಿ ಬಂದು ಕಾರಿಗೆ ಹೆಗಲು ಕೊಟ್ಟ. ಪುಟ್ಟಸ್ವಾಮಿ. ಅದೇ ಸ್ಥಾನಕ್ಕೆ ಮಾವನ ಎದುರು ನಾಮಪತ್ರ ಹಾಕಲು ಹೊರಟಿದ್ದವನು! ಕಾರು ಉರುಳಿತು, ಗೇರು ಕರಕರ ಎಂದಿತು, ಓಡಿತು. ಉಪಕಾರ ಮಾಡಿದವನನ್ನು ಹತ್ತಿಸಿಕೊಳ್ಳೋಣ ಎಂದರೆ ನಿಲ್ಲಿಸುವ ಹಾಗಿಲ್ಲ. ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಬಸ್ಸಲ್ಲಿ ಬಾ ಪುಟ್ಸಾಮಿ” ಎಂದ.

ಇಡೀ ಬಸ್‌ಸ್ಟ್ಯಾಂಡು ಅದನ್ನು ಕೇಳಿಸಿಕೊಂಡಿತು. ಮುಂದೆ ದಾರಿಯಲ್ಲಿ ಹಾರ ಹಿಡಿದು ನಿಂತಿದ್ದವರೆದುರೂ ಕಾರು ಭರ್ರೆಂದು ಹೋಯಿತು. ಒಬ್ಬರು ಎಸೆದ ಹಾರ ವೈಪರಿಗೆ ಸಿಕ್ಕಿಕೊಂಡಿತು. ಹೊತ್ತಿಗೆ ಸರಿಯಾಗಿ ನಾಮಪತ್ರವೇನೋ ಸಲ್ಲಿಕೆಯಾಯಿತು. ಸಂಜೆಗೆ ಊರಿನ ಜಗಲಿಗಳಲ್ಲಿ ಒಂದೇ ಮಾತು: “ಗೆಲ್ಲಕ್ ಮುಂಚೇನೇ ಗಾಡಿ ನಿಲ್ಸ್ನಿಲ್ಲ, ಗೆದ್ ಮ್ಯಾಕೆ ನಿಲ್ಸಾನಾ?”

ಮಾವ ಮನೆಮನೆಗೂ ಹೋಗಿ ಮತ ಕೇಳುವುದು ಬಿಟ್ಟು ಹೈಡ್ರಾಲಿಕ್ ಕ್ಲಚ್ಚಿನ ಬಗ್ಗೆ ಪಾಠ ಮಾಡಿದ. ಜನ ಕಾಫಿ ಕೊಟ್ಟು, ತಲೆದೂಗಿ ಕೇಳಿ, ತಳ್ಳಿದವನಿಗೆ ಮತ ಹಾಕಿದರು. ಸೋತ ಮಾವ ಎಷ್ಟೋ ದಿನ ಬಸ್‌ಸ್ಟ್ಯಾಂಡಿನ ಕಡೆ ತಲೆಹಾಕಲಿಲ್ಲ. ತಮಾಷೆ ಬಿಡಿ, ಅವನ ಆ ಮುಖ ನೋಡಿ ನನಗೆ ಅಳುವೇ ಬಂದಿತ್ತು.

ಇದನ್ನೆಲ್ಲ ನೆನೆದುಕೊಂಡು ರಸ್ತೆ ಪಕ್ಕದಲ್ಲಿ ನಗುತ್ತ ನಿಂತಿರುವಾಗ ಚಾಮರಾಜನಗರದ ಕಡೆಯಿಂದ ಒಂದು ಬಿಳಿ ಕಾರು ಬಂತು. ಒಳಗೆ ಡೈರೆಕ್ಟರ್ ಪುಟ್ಟಸ್ವಾಮಿ. ನನ್ನ ಗುರುತು ಸಿಕ್ಕಿತು, ತೆರೆದ ಬಾನೆಟ್ಟೂ ಕಂಡಿತು. ಕೈ ಎತ್ತಿ ನಕ್ಕು, ಅದೇ ಸ್ಪೀಡಿನಲ್ಲಿ ಹೋಗಿಯೇಬಿಟ್ಟ. ನಗು ಹಾರಿಹೋಗಿ ನನಗೆ ಮೈಯೆಲ್ಲ ಉರಿಯಿತು. ಮಾವನಿಗೆ ಫೋನ್ ಮಾಡಿ ಪುಟ್ಟಸ್ವಾಮಿಯನ್ನು ವಾಚಾಮಗೋಚರ ಬಯ್ದೆ.

ಮಾವ ಪೂರ್ತಿ ಕೇಳಿಸಿಕೊಂಡ. ಆಮೇಲೆ ಒಂದಿಷ್ಟೂ ಕೊಂಕಿಲ್ಲದ ದನಿಯಲ್ಲಿ ಹೇಳಿದ:

“ಬಯ್ಬ್ಯಾಡ ಬುಡ್ಲಾ. ಪಾಪ, ಅವನ್ದೂ ಕ್ಲಚ್ ಓಗಿರ್ಬೇಕು.”