ಸೇತುವೆ ಮೇಲೆ ಹೇಳಿದ ಹೆಸರು

ನಂಬೋದು ಬಿಡೋದು ನಿಮ್ಮಿಷ್ಟ. ಆದ್ರೆ ಆ ಸೇತುವೆ ಮೇಲೆ ನಿಂತಿದ್ದವಳು ನಾನೇ.

ಮೈಸೂರಿಂದ ಚೆನ್ನೈಗೆ ಬಂದ ಹೊಸತು. ತಿರುವೊಟ್ಟಿಯೂರಿನ ಆಫೀಸಿನಲ್ಲಿ ನನ್ನ ಜೊತೆ ಕನ್ನಡದಲ್ಲಿ ಮಾತಾಡ್ತಿದ್ದವರು ಗೀತಕ್ಕ ಒಬ್ಬರೇ. ಅಜ್ಜನ ಕಾಲದಿಂದ ಮದ್ರಾಸಿನವರು. ನನ್ನನ್ನ ಸ್ವಂತ ತಂಗಿ ಹಾಗೆ ನೋಡ್ಕೋತಿದ್ರು.

ಕೆಲಸ ಮುಗಿಸಿ ಇಬ್ಬರೂ ಕಾಲುವೆ ದಾಟಿ ಬಸ್ಸಿಗೆ ಹೋಗ್ತಿದ್ವಿ. ಅಲ್ಲೊಂದು ಕಬ್ಬಿಣದ ಸೇತುವೆ, ನಡೆದು ಹೋಗೋರಿಗೆ ಮಾತ್ರ. ಹೂಳು ತೆಗೆಯೋ ದೋಣಿ ಬಂದ್ರೆ ಕಾವಲುಗಾರ ಸೇತುವೆ ನಡುವಿನ ಚಕ್ರಕ್ಕೆ ಒಂದು ಹಿಡಿ ಸಿಕ್ಕಿಸಿ ತಿರುಗಿಸ್ತಾನೆ. ಆಗ ಇಡೀ ಸೇತುವೆ ಸುತ್ತಿ, ದಡ ಬಿಟ್ಟು, ಕಾಲುವೆ ಉದ್ದಕ್ಕೆ ನಿಲ್ಲುತ್ತೆ.

ಅವತ್ತು ಕತ್ತಲಾಗೋ ಹೊತ್ತಿಗೆ ಕರೆಂಟ್ ಹೋಗಿತ್ತು. ನಡುವಿಗೆ ಬಂದಿದ್ವಿ. ಕೊಳೆತ ನೀರಿನ ನಾತದ ಮಧ್ಯೆ ಇದ್ದಕ್ಕಿದ್ದಂತೆ ಹೊಸ ಸೀರೆಯ ಗಂಜಿ ವಾಸನೆ...

ಕಿರ್ರ್...

ಕಾಲಡಿಯ ತಗಡು ನಡುಗಿತು. ಸೇತುವೆ ತಿರುಗ್ತಿತ್ತು!

ಮೊಬೈಲ್ ಬೆಳಕು ಬಿಟ್ಟೆ. ಪಕ್ಕದಲ್ಲೇ ಚಕ್ರ ಸುತ್ತುತ್ತಿದೆ. ಹಿಡಿ ಇಲ್ಲ. ಜನ ಇಲ್ಲ. ಎರಡೂ ಕಡೆ ದಡ ದೂರ ಸರೀತು.

ಚಕ್ರದ ಹತ್ತಿರದಿಂದ ಹೆಂಗಸಿನ ದನಿ, ತಮಿಳಿನಲ್ಲಿ... "ಪೇರು ಎನ್ನ?"

ಹೆಸರೇನು?

ಗೀತಕ್ಕ ನನ್ನ ಮೊಣಕೈ ಹಿಡಿದ್ರು. ಸುಮ್ಮನಿರು ಅಂತಿದಾರೆ ಅಂದ್ಕೊಂಡೆ. ಅವರು ಮೆಲ್ಲಗೆ, ಸ್ಪಷ್ಟವಾಗಿ ಹೇಳಿದ್ರು:

"ನಂದಿನಿ."

ಅದು ನನ್ನ ಹೆಸರು.

ಸೇತುವೆ ವಾಪಸ್ ತಿರುಗಿ ದಡಕ್ಕೆ ಕೂತಿತು. ಬಿದ್ದೂ ಎದ್ದೂ ಓಡಿದ್ವಿ. ಟೀ ಅಂಗಡಿಯಲ್ಲಿ ಕಾವಲುಗಾರ ಆರಾಮಾಗಿ ಕೂತಿದ್ದ. ಚಕ್ರದ ಹಿಡಿ ಅವನ ತೊಡೆ ಮೇಲಿತ್ತು.

ಬಸ್ ಸ್ಟಾಪಿನಲ್ಲಿ ಕೇಳ್ದೆ, "ಅಕ್ಕಾ, ನನ್ನ ಹೆಸರು ಯಾಕೆ ಹೇಳಿದ್ರಿ?"

"ಯಾವ್ದಾದ್ರೂ ಒಂದು ಹೆಸರು ಕೊಡ್ಲೇಬೇಕು ಮಾ... ಇಲ್ದಿದ್ರೆ ಬಿಡಲ್ಲ. ನಂಗೆ ಮಕ್ಕಳಿದಾರಲ್ವಾ?"

"ಅಂದ್ರೆ... ನಿಮಗೆ ಮೊದಲೇ ಗೊತ್ತಿತ್ತಾ? ಅದಕ್ಕೇ ದಿನಾ ನನ್ನನ್ನ ಜೊತೆಗೆ ಕರ್ಕೊಂಡು ಬರ್ತಿದ್ರಾ?"

ಅವರು ಎದುರಿಗೆ ಬಂದ ಬಸ್ ಹತ್ತಿಬಿಟ್ಟರು. ಅದು ಅವರ ಮನೆ ಕಡೆ ಹೋಗೋ ಬಸ್ಸೇ ಅಲ್ಲ.

ನಾನು ಕೆಲಸ ಬಿಟ್ಟೆ. ಈಗ ಅಣ್ಣಾ ನಗರದಲ್ಲಿ ಮೂರನೇ ಮಹಡಿಯ ಮನೆ. ಕರೆಂಟ್ ಹೋದಾಗೆಲ್ಲ ಬಾಲ್ಕನಿ ಆಚೆಯಿಂದ ಯಾರೋ "ನಂದಿನೀ..." ಅಂತಾರೆ. ನಾನು ಓ ಅನ್ನಲ್ಲ.

ಆ ಹೆಂಗಸಿನ ದನಿಯಾಗಿದ್ರೆ ಇಷ್ಟು ಹೆದರ್ತಿರಲಿಲ್ಲವೇನೋ. ಕರೆಯೋದು ಗೀತಕ್ಕನ ದನಿ... ಅಷ್ಟೇ ಪ್ರೀತಿಯಿಂದ.